ಅವ್ವ ಕೂತಿರುವ ಜಾಗದ ನಂಬರು

ಜೀರಹಳ್ಳಿ, ತಾಳವಾಡಿ ಅಂಚೆ,
ಈರೋಡ್ ಜಿಲ್ಲೆ.
8-2-2009, ಭಾನುವಾರ

ಪ್ರೀತಿಯ ತಮ್ಮ ಹರ್ಷ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ಹಡಗಿನ ಎಂಜಿನ್ ರೂಮಿನ ಬಿಸಿಗೆ ಬೆನ್ನ ಮೇಲೆ ಗುಳ್ಳೆ ಎದ್ದಿವೆ ಎಂದು ಬರೆದಿದ್ದೆಯಲ್ಲ, ವಾಸಿಯಾಯಿತಾ? ಕೊಬ್ಬರಿ ಎಣ್ಣೆ ಸಿಕ್ಕರೆ ಹಚ್ಚಿಕೋ, ಕೆರೆಯಬೇಡ. ಎಷ್ಟೇ ಸಿಟ್ಟಿದ್ದರೂ ಕಾಗದದಲ್ಲಿ ಮೊದಲು ಮೈ ಹೇಗಿದೆ ಅಂತ ಕೇಳಬೇಕು ಎಂದು ಅವ್ವ ಹೇಳುತ್ತಿದ್ದಳು. ಹಾಗಾಗಿ ಅದನ್ನು ಮೊದಲು ಮುಗಿಸಿದ್ದೇನೆ. ಇಲ್ಲಿ ನಾನು, ನಿನ್ನ ಭಾವ, ಅರ್ಚನ ಎಲ್ಲರೂ ಚೆನ್ನಾಗಿದ್ದೇವೆ. ಅರ್ಚನಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಪುಸ್ತಕ ಹಿಡಿದುಕೊಂಡೇ ನಿದ್ದೆ ಮಾಡುತ್ತಾಳೆ, ಥೇಟ್ ನಿನ್ನ ಹಾಗೆ. ಅಪ್ಪ ಗಟ್ಟಿಯಾಗಿದ್ದಾರೆ ಎಂದು ಬರೆಯಲು ಅಪ್ಪನೇ ಹೇಳಿದ್ದಾರೆ, ಬರೆದಿದ್ದೇನೆ. ನನ್ನ ಪಕ್ಕದಲ್ಲೇ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಒಂದೊಂದು ಪುಟ ಮುಗಿದ ಹಾಗೆ ನಾನು ಅವರಿಗೆ ಓದಿ ಹೇಳಬೇಕಂತೆ. ಬಾಲವಾಡಿಯ ಮಕ್ಕಳಿಗಿಂತ ಹೆಚ್ಚು ಹಟ.

ನಿನ್ನ ಕಾಗದ ಸಂಕ್ರಾಂತಿ ಕಳೆದ ಮೇಲೆ ಬಂತು. ಲಕೋಟೆ ಒಡೆದವಳೇ ಎಂದಿನಂತೆ ಅಪ್ಪನಿಗೆ ಗಟ್ಟಿಯಾಗಿ ಓದತೊಡಗಿದೆ. ಮೊದಲು ನಾನೊಬ್ಬಳೇ ಒಂದು ಸಲ ಕಣ್ಣಾಡಿಸಿದ್ದರೆ ಆ ಸಾಲುಗಳನ್ನು ಹಾರಿಸಿ ಓದುತ್ತಿದ್ದೆ. "ಅವ್ವನ ಮಣ್ಣಿಗೆ ಬರಲಾಗದ ಪಾಪಿ ನಾನು, ಒಪ್ಪುತ್ತೇನೆ. ಆದರೆ ಅಲ್ಲೇ ಇರುವ ನಿಮಗೆ ಹೊಲದವರೆಗೆ ನಡೆಯಲೂ ಆಗಲಿಲ್ಲವಾ ಅಕ್ಕ? ಚಾಮರಾಜನಗರಕ್ಕೆ ಸಂತೆಗೆ ಹೋದವರು ಬಸ್ಸಿಗೆ ಕಾಯುತ್ತಾ ಅಲ್ಲೇ ನಿಂತು ಫೋನಿನ ಗುಂಡಿ ಒತ್ತಿ ಯಾವುದೋ ನಂಬರು ಕಳಿಸಿಬಿಟ್ಟಿರಿ" ಎಂದು ಬರೆದಿದ್ದೀಯ. ಅರ್ಧಕ್ಕೆ ನಿಲ್ಲಿಸಿದರೆ ಅಪ್ಪ ಬಿಡುವುದಿಲ್ಲ ಎಂದು ಕೊನೆಯವರೆಗೂ ಓದಿದೆ. ನಿನ್ನ ಭಾವ ಕೇಳುತ್ತಾ ಕೇಳುತ್ತಾ ಎದ್ದು ಕೊಟ್ಟಿಗೆ ಕಡೆಗೆ ಹೋದರು. ಎರಡು ದಿನ ನೀನು ಕಳಿಸಿದ ಫೋನನ್ನು ಮುಟ್ಟಲಿಲ್ಲ. ನನಗಂತೂ ಅದನ್ನು ಬಾವಿಗೆ ಎಸೆಯಬೇಕು ಅನ್ನಿಸಿತು. ನಿನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ನಾನು, ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವೇ ಎಂದು ಬಹಳ ನೋವಾಯಿತು. ಅಪ್ಪ ಮಾತ್ರ, "ಅವುನ್ಗೆ ಸಂಕ್ಟ ಕಣವ್ವ. ಬೈಯಕ್ಕೆ ನಾವಲ್ದೆ ಇನ್ಯಾರವ್ರೆ ಅವುನ್ಗೆ" ಅಂದುಬಿಟ್ಟು ಹೊಗೆಸೊಪ್ಪಿನ ಸಂಚಿ ಬಿಚ್ಚಿದರು.

ನೀನು ಕೇಳಿದ್ದು ತಪ್ಪು ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ ಹರ್ಷ. ಹೋದ ವರ್ಷ ಯುಗಾದಿ ಅಮಾವಾಸ್ಯೆಯ ದಿನ ಅವ್ವ ಹೋದಾಗ ನಿನ್ನ ಹಡಗು ಯಾವ ಸಮುದ್ರದ ನಡುವೆ ಇತ್ತೋ ಏಜೆಂಟರ ಆಫೀಸಿನವರಿಗೂ ಸರಿಯಾಗಿ ಗೊತ್ತಿರಲಿಲ್ಲ. ನಿನಗೆ ಸುದ್ದಿ ಮುಟ್ಟುವಷ್ಟರಲ್ಲಿ ಮಣ್ಣಾಗಿ ಗಣಾರಾಧನೆಯೂ ಮುಗಿದಿತ್ತು. ಅವ್ವನ ಮುಖ ನೋಡದವನು ಜಾಗವನ್ನಾದರೂ ತಿಳಿದುಕೊಳ್ಳುತ್ತೇನೆ ಎಂದು ನೀನು ಬರೆದಾಗ ನಾನು ಅತ್ತಿದ್ದೇನೆ. ಹಡಗಿನಲ್ಲಿ ಎಲ್ಲದಕ್ಕೂ ಆಕಾಶದ ಉಪಗ್ರಹ ನೋಡಿಯೇ ದಾರಿ ಹಿಡಿಯುವುದಂತೆ, ಅವ್ವನನ್ನು ಮಣ್ಣು ಮಾಡಿದ ಗದ್ದುಗೆಯ ಅಕ್ಷಾಂಶ ರೇಖಾಂಶ ಕೊಟ್ಟರೆ ಸೆಕೆಂಡ್ ಆಫೀಸರ್ ಸಾಹೇಬರು ನಕ್ಷೆಯಲ್ಲಿ ಗುರುತು ಹಾಕಿ, ಹಡಗು ಎಲ್ಲಿದ್ದರೂ ಆ ದಿಕ್ಕು ಯಾವುದು ಎಂದು ತೋರಿಸುತ್ತಾರಂತೆ, ವರ್ಷದ ಪೂಜೆಯ ಹೊತ್ತಿಗೆ ಸರಿಯಾಗಿ ನೀನೂ ಡೆಕ್ಕಿನ ಮೇಲೆ ಆ ದಿಕ್ಕಿಗೆ ನಿಂತು ಕೈ ಮುಗಿಯುತ್ತೀಯಂತೆ. ಅದಕ್ಕೆಂದೇ ಜಿಪಿಎಸ್ ಇರುವ ಫೋನು ಕೊಂಡು ರಜೆಗೆ ಬರುವವರ ಕೈಯಲ್ಲಿ ಕೊಟ್ಟು ಕಳಿಸಿದೆ. ನಿನ್ನ ಭಾವ ದಿಂಬಂ ಘಾಟಿನ ತನಕ ಹೋಗಿ ಟೀ ಅಂಗಡಿಯಲ್ಲಿ ಅವರನ್ನು ಕಾದು, ಮಗುವನ್ನು ತಂದ ಹಾಗೆ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ಬರುವ ತಿಂಗಳು ಯುಗಾದಿ ಅಮಾವಾಸ್ಯೆಗೆ ಅವ್ವನಿಗೆ ವರ್ಷ ತುಂಬುತ್ತದೆ. ಅಷ್ಟರೊಳಗೆ ಸರಿಯಾದ ನಂಬರು ನಿನ್ನ ಕೈ ಸೇರಬೇಕು. ಬರೀ ನಂಬರನ್ನು ಮೆಸೇಜು ಮಾಡಬಹುದಿತ್ತು, ಆದರೆ ಒಂದು ಸಲ ಸುಳ್ಳಾದದ್ದನ್ನು ನೀನು ಮತ್ತೆ ನಂಬುತ್ತೀಯೋ ಇಲ್ಲವೋ. ಅದಕ್ಕೇ ಹೇಗೆ ತಪ್ಪಾಯಿತು, ಹೇಗೆ ಸರಿಮಾಡಿದೆವು ಎಂಬುದನ್ನೆಲ್ಲ ಬರೆಯುತ್ತಿದ್ದೇನೆ. ಬೇಸರ ಮಾಡಿಕೊಳ್ಳದೆ ಪೂರ್ತಿ ಓದು.

ಮೊದಲ ಸಲ ನಾವು ಹೋಗಿದ್ದು ಕಾರ್ತಿಕದ ಕಡೇ ಸೋಮವಾರ. ಗದ್ದುಗೆಗೆ ನೀರು ಹಾಕಿ, ವಿಭೂತಿ ಇಟ್ಟು, ದೀಪ ಹಚ್ಚಿ ಆದ ಮೇಲೆ ನಿನ್ನ ಭಾವ ಫೋನು ತೆರೆದರು. ನೀನು ಬರೆದ ಹಾಗೇ ಒಂದೊಂದೇ ಗುಂಡಿ ಒತ್ತಿದರು. ಏನೋ ತಿರುಗಿತು, ತಿರುಗಿತು, ಕೊನೆಗೆ ನೆಟ್‌ವರ್ಕ್ ಇಲ್ಲ ಎಂದು ತೋರಿಸಿತು. ಮತ್ತೆ ಒತ್ತಿದರೂ ಅದೇ. ನಮ್ಮ ಹೊಲ ಕಾಡಿನ ಅಂಚಿಗಿದೆ, ಅಲ್ಲಿ ಈ ಕಡೆ ಟವರೂ ಸಿಗುವುದಿಲ್ಲ, ಆ ಕಡೆ ಟವರೂ ಸಿಗುವುದಿಲ್ಲ, ನಿನಗೆ ಗೊತ್ತೇ ಇದೆ. ಇಲ್ಲೇ ನಾವು ಜೀರಹಳ್ಳಿಯವರ ಬುದ್ಧಿ ತೋರಿಸಿದ್ದು. ನಮ್ಮ ಊರಿಗೆ ಮೊಬೈಲು ಬಂದಾಗಿನಿಂದ ಸಿಗ್ನಲ್ ಇಲ್ಲ ಅಂದರೆ ಕಾಲು ತಾನಾಗಿಯೇ ಕುರಿದಿಬ್ಬದ ಕಡೆ ತಿರುಗುತ್ತದೆ. ಮಗು ಹುಟ್ಟಿದರೂ ದಿಬ್ಬ, ಬೆಳ್ಳುಳ್ಳಿ ರೇಟು ಕೇಳಬೇಕಾದರೂ ದಿಬ್ಬ. ಅವ್ವ ಹೋದ ಸುದ್ದಿಯನ್ನು ಚೆನ್ನೈಯ ಏಜೆಂಟರ ಆಫೀಸಿಗೆ ಹೇಳಿದ್ದೂ ಆ ದಿಬ್ಬದ ಮೇಲೆ ನಿಂತೇ. "ಇಲ್ಲಿ ಸಿಗ್ನಲ್ ಇಲ್ಲ ಕಣೆ, ದಿಬ್ಬುಕ್ ಓಗಿ ಬತ್ತೀನಿ" ಎಂದು ನಿನ್ನ ಭಾವ ಹೊರಟರು. ನಾನೂ ಹೂಂ ಅಂದೆ, ಅಪ್ಪನೂ ಹೂಂ ಅಂದರು. ಕೇಳಬೇಕಾದ್ದು ಅವ್ವ ಇರುವ ಜಾಗವನ್ನು, ಫೋನು ತೆಗೆದುಕೊಂಡು ಹೋಗುತ್ತಿರುವುದು ಬೇರೆ ಕಡೆಗೆ ಎಂಬ ಯೋಚನೆ ನಮ್ಮ ಮೂವರಲ್ಲಿ ಒಬ್ಬರಿಗೂ ಬರಲಿಲ್ಲ. ನಮಗೆ ಫೋನು ಅಂದರೆ ಮಾತು. ಮಾತನ್ನು ಎಲ್ಲಿ ನಿಂತು ಆಡಿದರೂ ಒಂದೇ ತಾನೆ.

ದಿಬ್ಬದ ಮೇಲೆ ಆ ಕಡೆಯ ಕರ್ನಾಟಕದ ಟವರು ಹಿಡಿಯಿತು, ಒತ್ತಿದ ತಕ್ಷಣ ನಂಬರು ಬಂತು. ನಿನ್ನ ಭಾವ ಅಲ್ಲಿಂದಲೇ ಕೈ ಎತ್ತಿ ಕೂಗಿದರು. ನಿನಗೆ ಮೆಸೇಜು ಹೋದ ಮೇಲೆ ನಾವೆಲ್ಲ ಗದ್ದುಗೆಯ ಹತ್ತಿರ ಕೂತು ತಂಬಿಟ್ಟು ತಿಂದೆವು. ನಿನಗೆ ಹೇಳುತ್ತೇನೆ, ಅವತ್ತು ನಮಗೆ ಎಷ್ಟು ಸಂತೋಷವಾಗಿತ್ತು ಅಂದರೆ ಅವ್ವ ನಿನ್ನ ಜೊತೆ ಮಾತಾಡಿದ ಹಾಗೇ ಆಗಿತ್ತು. ನೀನು ಬಂದರಿನ ಕಂಪ್ಯೂಟರಿನಲ್ಲಿ ಆ ನಂಬರು ಹಾಕಿ ನೋಡಿದರೆ ಗಡಿಯ ಗೆರೆಯ ಆಚೆ, ಚಾಮರಾಜನಗರದ ರಸ್ತೆ ಪಕ್ಕ, ತಗಡಿನ ಮಾಡುಗಳ ನಡುವೆ ಬಂತು ಎಂದು ಬರೆದೆಯಲ್ಲ. ಅವ್ವನನ್ನು ಹುಡುಕಿಕೊಂಡು ಹೋದವನಿಗೆ ಯಾರದೋ ತಗಡಿನ ಶೆಡ್ಡು ಕಂಡಿತು. ನಿನಗೆ ಎಷ್ಟು ಉರಿದಿರಬೇಕು ಎಂದು ಈಗ ನನಗೂ ಗೊತ್ತಾಗುತ್ತದೆ. ಆದರೆ ಆವತ್ತು ಗೊತ್ತಾಗಲಿಲ್ಲ. ಅಷ್ಟು ದೂರದ ಸಮುದ್ರದಿಂದ ಕೈ ಮುಗಿಯುವವನಿಗೆ ಇಲ್ಲಿ ಸ್ವಲ್ಪ ಆಚೀಚೆ ಆದರೆ ದಿಕ್ಕು ಎಷ್ಟು ಬದಲಾಗುತ್ತದೆ ಎಂದು ನಿನ್ನ ಭಾವ ಗೊಣಗಿದರು, ನಾನೂ ಸಿಟ್ಟಿನಲ್ಲಿ ಹೌದು ಅಂದೆ. ಆಮೇಲೆ ಒಬ್ಬಳೇ ಬಟ್ಟೆ ಒಗೆಯುತ್ತಾ ಯೋಚಿಸಿದಾಗ, ದಿಕ್ಕು ಬದಲಾಗುವುದಿಲ್ಲ ಸರಿ, ಆದರೆ ನಕ್ಷೆಯ ಮೇಲೆ ನೀನು ಬೆರಳಿಟ್ಟು ಇಲ್ಲಿದ್ದಾಳೆ ಅನ್ನುವ ಜಾಗದಲ್ಲಿ ಅವ್ವ ಇರಬೇಕಲ್ಲ ಅನ್ನಿಸಿತು.

ತಾಳವಾಡಿ ಬಸ್‌ಸ್ಟ್ಯಾಂಡಿನ ಹತ್ತಿರ ಸೆಲ್ವಿ ಎಂಬವಳು ರೀಚಾರ್ಜ್ ಅಂಗಡಿ ಇಟ್ಟಿದ್ದಾಳೆ. ಸತ್ಯಮಂಗಲದಲ್ಲಿ ಕಾಲೇಜು ಓದಿದವಳು, ಮೊಬೈಲು ರಿಪೇರಿಯನ್ನೂ ಮಾಡುತ್ತಾಳೆ. ನಾನು ಫೋನು ಮತ್ತು ನಿನ್ನ ಕಾಗದ ಎರಡನ್ನೂ ಅವಳ ಮುಂದೆ ಇಟ್ಟೆ. ಅವಳು ಹಳೆಯ ನಂಬರನ್ನು ತೆರೆದು ನೋಡಿ, "ಇಲ್ಲಿ ಪಾರುಂಗಕ್ಕಾ, ನೋಡಿ, ಇದು ನೀವ್ ನಿಂತಿದ್ದ ಜಾಗ ಅಲ್ಲ, ಟವರ್ ನಿಂತಿರೋ ಜಾಗ" ಅಂದಳು. ನಂಬರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದು ಎಷ್ಟು ಹೆಚ್ಚು ಕಡಿಮೆ ಇರಬಹುದು ಎಂದು ಒಂದು ಸಾಲು ಇರುತ್ತದಂತೆ. ಅದರಲ್ಲಿ ಕಿಲೋಮೀಟರುಗಟ್ಟಲೆ ಇತ್ತು. ನಾವು ಯಾರೂ ಅದನ್ನು ಓದಿಯೇ ಇರಲಿಲ್ಲ. ಅವಳು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಈ ಫೋನು ಜಾಗ ಹುಡುಕಲು ಮೂರು ದಾರಿ ಇಟ್ಟುಕೊಂಡಿದೆ. ಒಂದು, ತಾನೇ ಆಕಾಶದ ಉಪಗ್ರಹಗಳನ್ನು ಹುಡುಕಿ ಲೆಕ್ಕ ಹಾಕುವುದು. ಅದು ನಿಧಾನ, ಆದರೆ ನಿಖರ. ಇನ್ನೊಂದು ಅಸಿಸ್ಟೆಡ್ ಅನ್ನುವುದು, ಯಾವ ಉಪಗ್ರಹ ಈಗ ಎಲ್ಲಿದೆ ಎಂಬ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ತರಿಸಿಕೊಂಡು ಬೇಗ ಹುಡುಕುವುದು. ಮೂರನೆಯದು ಟವರನ್ನು ನೋಡಿ ಸುಮ್ಮನೆ ಅಂದಾಜು ಹೇಳುವುದು. ನಮ್ಮ ತಮಿಳುನಾಡು ಸಿಮ್ಮು ಆ ಕಡೆ ಟವರಿನಲ್ಲಿ ಮಾತಿಗೆ ಮಾತ್ರ ಆಗುತ್ತದೆ, ರೋಮಿಂಗಿನಲ್ಲಿ ಇಂಟರ್ನೆಟ್ಟು ಬಂದ್. ಹಾಗಾಗಿ ಉಪಗ್ರಹದ ಮಾಹಿತಿ ಬರಲಿಲ್ಲ, ಫೋನು ಕಾಯುವುದನ್ನು ಬಿಟ್ಟು ಟವರಿನ ಜಾಗವನ್ನೇ ನಮ್ಮ ಜಾಗ ಎಂದು ಹೇಳಿತು. ಹುಟ್ಟಿದಾಗಿನಿಂದ ನಾವು ಒಂದು ರಾಜ್ಯದಲ್ಲಿ ನಿಂತು ಇನ್ನೊಂದು ರಾಜ್ಯದ ಕಡೆ ಮುಖ ಮಾಡಿಕೊಂಡೇ ಬದುಕಿದವರು. ಪಾಪ, ಫೋನಿಗೆ ನಾವು ಆ ಕಡೆಯವರು ಅಂತಲೇ ಕಂಡಿರಬೇಕು.

ಟವರಿನ ಅಂದಾಜು, ಇಂಟರ್ನೆಟ್ಟಿನ ಸಹಾಯ ಎರಡರ ಮುಂದಿನ ಗುರುತನ್ನೂ ತೆಗೆದು, ಫೋನು ತನ್ನ ಪಾಡಿಗೆ ತಾನೇ ಹುಡುಕುವ ಹಾಗೆ ಮಾಡಿಕೊಟ್ಟಳು. ಹೊಲಕ್ಕೆ ಹೋಗಿ ಹಾಗೇ ಇಟ್ಟು ಕಾಯಿರಿ ಅಂದಳು. ಮಾರನೆಯ ಭಾನುವಾರ ಹೋದೆವು. ಕಾದೆವು. ಗದ್ದುಗೆಯ ಮೇಲೆ ಹೊಂಗೆ ಮರದ ನೆರಳು ನೀನು ನೋಡಿದ್ದಕ್ಕಿಂತ ಈಗ ದಟ್ಟವಾಗಿದೆ. ಫೋನಿನಲ್ಲಿ ಉಪಗ್ರಹಗಳಿಗೆ ಒಂದೊಂದು ಕಡ್ಡಿ ಇರುತ್ತದಲ್ಲ, ಅದರಲ್ಲಿ ಒಂದು ತುಂಬುವಷ್ಟರಲ್ಲಿ ಇನ್ನೊಂದು ಖಾಲಿಯಾಗುತ್ತಿತ್ತು. ನಿನ್ನ ಭಾವನಿಗೆ ತಾಳ್ಮೆ ಎಲ್ಲಿಂದ ಬರಬೇಕು, ಗಳಿಗೆಗೊಮ್ಮೆ ಎತ್ತಿ ನೋಡುವುದು, ಆ ಬದುವಿನಿಂದ ಈ ಬದುವಿಗೆ ಹಿಡಿದುಕೊಂಡು ನಡೆಯುವುದು. ಅಲುಗಾಡಿಸಬಾರದು ಎಂದು ನಾನು ಬೈದರೆ ನನಗೇ ಬೈಗುಳ. ಅಪ್ಪ ಬದುವಿನ ಮೇಲೆ ಟವೆಲ್ ಹಾಸಿಕೊಂಡು ಕೂತು, ನಿನಗೆ ಹೇಳುವಂಥ ಕಥೆಯೆಲ್ಲ ಗದ್ದುಗೆಗೆ ಹೇಳುತ್ತಿದ್ದರು. ಹೊತ್ತು ಮುಳುಗುವ ಸಮಯಕ್ಕೆ ಹೊಲ ಕಾಯುವ ಬೊಮ್ಮ ಅಟ್ಟಣೆಯಿಂದ ಇಳಿದು ಓಡಿ ಬಂದ. "ಅಕ್ಕಾ, ಆನೆ ಅಳ್ಳ ದಾಟವೆ ಕಣಕ್ಕ, ಬಿರ್ನೆ ಒಂಟೋಗಿ" ಅಂದ. ಆಗ ನೋಡು, ಕಡ್ಡಿಗಳು ಒಂದೊಂದಾಗಿ ತುಂಬುತ್ತಾ ಬಂದಿದ್ದವು. ಇನ್ನೊಂದು ಸ್ವಲ್ಪ ಹೊತ್ತು ನಿಂತಿದ್ದರೆ ಬರುತ್ತಿತ್ತೇನೋ. ನಿನ್ನ ಭಾವ ಫೋನನ್ನು ಅಲ್ಲೇ ಬಿಟ್ಟು ಹೋಗೋಣ, ಬೆಳಿಗ್ಗೆ ನೋಡೋಣ ಅಂದರು. ನಾನು ಒಪ್ಪಲಿಲ್ಲ. ಬಿದಿರು ಮುರಿಯುವ ಸದ್ದು ಹತ್ತಿರದಲ್ಲೇ ಕೇಳುತ್ತಿತ್ತು, ಅಪ್ಪನ ಕೈ ಹಿಡಿದುಕೊಂಡು ಮನೆ ಸೇರಿದೆವು. ಮನೆಗೆ ಬಂದು ನಾನು ಅಡುಗೆ ಮನೆಯಲ್ಲಿ ಅತ್ತೆ. ಒಂದು ಜಾಗ, ನಾವು ಕಣ್ಣು ಮುಚ್ಚಿಕೊಂಡು ನಡೆದು ಹೋಗುವ ಜಾಗ, ಅದು ಎಲ್ಲಿದೆ ಎಂದು ನಿನಗೆ ಹೇಳಲು ನಮ್ಮಿಂದ ಆಗುತ್ತಿಲ್ಲವಲ್ಲ ಎಂದು ದುಃಖವಾಯಿತು.

ಆಮೇಲೆ ನಾನು ಫೋನಿನ ಜೊತೆ ಬಂದಿದ್ದ ಪುಸ್ತಕ ಹಿಡಿದು ಕೂತೆ. ನನ್ನ ಇಂಗ್ಲಿಷು ಎಷ್ಟರದು ಎಂದು ನಿನಗೆ ಗೊತ್ತು, ಅರ್ಚನಳ ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಓದಿದೆ. ಬಹಳ ದಿನ ಬಳಸದ ಫೋನು, ಅಥವಾ ಬಹಳ ದೂರ ಸಾಗಿಸಿದ ಫೋನು, ಮೊದಲ ಸಲ ಉಪಗ್ರಹ ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ ಎಂದಿತ್ತು. ಮೇಲೆ ಆಕಾಶ ಕಾಣಬೇಕು, ಅಂಗೈಯಿಂದ ಮುಚ್ಚಬಾರದು. ಒಮ್ಮೆ ಉಪಗ್ರಹದ ಮಾಹಿತಿ ಸಿಕ್ಕರೆ ಅದು ಸ್ವಲ್ಪ ಹೊತ್ತಿನವರೆಗೂ ಹಳತಾಗುವುದಿಲ್ಲ, ಅಷ್ಟರೊಳಗೆ ಬೇರೆ ಕಡೆ ಹೋದರೂ ಜಾಗ ಬೇಗ ಸಿಗುತ್ತದೆ. ಇದನ್ನು ಓದಿದಾಗ ನನಗೆ ದಿಬ್ಬ ಮತ್ತೆ ನೆನಪಾಯಿತು. ದಿಬ್ಬಕ್ಕೆ ಹೋಗಿದ್ದು ತಪ್ಪಲ್ಲ, ಅಲ್ಲಿಯೇ ಮುಗಿಸಿದ್ದು ತಪ್ಪು. ದಿಬ್ಬದಲ್ಲಿ ಬಯಲು ಆಕಾಶವಿದೆ, ಸಿಗ್ನಲ್ಲೂ ಇದೆ. ಅಲ್ಲಿ ಸಹಾಯ ತೆಗೆದುಕೊಂಡು, ಫೋನನ್ನು ಆರಿಸದೆ, ಹಾಗೇ ತೆರೆದ ಕೈಯಲ್ಲಿ ಹಿಡಿದು ಗದ್ದುಗೆಗೆ ತಂದರೆ? ಸೆಲ್ವಿಯನ್ನು ಕೇಳಿದೆ. ಆಗಬಹುದಕ್ಕಾ, ಆದರೆ ಆ ಕಡೆ ಸಿಮ್ಮು ಹಾಕಿ, ರೋಮಿಂಗಿನ ಗೋಳು ಇರುವುದಿಲ್ಲ ಅಂದಳು. ನಿನ್ನ ಭಾವನ ಹತ್ತಿರ ಎರಡೂ ರಾಜ್ಯದ ಸಿಮ್ಮು ಇದೆ, ಇಲ್ಲಿ ಯಾರ ಹತ್ತಿರ ಇಲ್ಲ ಹೇಳು. ಆ ಸಿಮ್ಮಿಗೆ ಇಂಟರ್ನೆಟ್ಟಿನ ಸೆಟ್ಟಿಂಗು ತರಿಸಿ ಹಾಕಿ, ಅಸಿಸ್ಟೆಡ್ ಅನ್ನುವುದಕ್ಕೆ ಮಾತ್ರ ಗುರುತು ಹಾಕಿ, ಟವರಿನ ಅಂದಾಜಿಗೆ ಹಾಕದೆ ಅವಳೇ ಸರಿಮಾಡಿ ಕೊಟ್ಟಳು.

ಮೊನ್ನೆ ಶುಕ್ರವಾರ ಬೆಳಿಗ್ಗೆ ಹೊರಟೆವು. ಆನೆಗಳು ರಾತ್ರಿಯೇ ಕಾಡಿಗೆ ಹಿಂದಿರುಗಿವೆ ಎಂದು ಬೊಮ್ಮ ಹೇಳಿದ ಮೇಲೆಯೇ. ಅಪ್ಪ ತಾವೂ ದಿಬ್ಬ ಹತ್ತುತ್ತೇನೆ ಅಂದರು. ಬೇಡ ಅಂದರೆ ಕೇಳಲಿಲ್ಲ. ದಿಬ್ಬದ ಮೇಲೆ ಫೋನನ್ನು ಬಂಡೆಯ ಮೇಲಿಟ್ಟು ಮೂವರೂ ಸುತ್ತ ಕೂತೆವು. ಈ ಸಲ ಯಾರೂ ಮುಟ್ಟಲಿಲ್ಲ. ಒಂದು ಹಸುವಿನ ಹಾಲು ಕರೆಯುವಷ್ಟು ಹೊತ್ತು ಕೂಡ ಆಗಿರಲಿಲ್ಲ, ಕಡ್ಡಿಗಳೆಲ್ಲ ತುಂಬಿಕೊಂಡು ನಿಂತವು. ಎತ್ತಿಕೊಳ್ಳಲು ನಿನ್ನ ಭಾವ ಕೈ ಚಾಚಿದರು, ಅಪ್ಪ ಅವರ ಕೈಯನ್ನು ತಡೆದು, "ನಂಗ್ ಕೊಡಪ್ಪ, ನೀ ಬಿರ್ನೆ ನಡ್ದುಬುಡ್ತೀಯ" ಅಂದರು. ಎರಡೂ ಅಂಗೈ ಬಿಚ್ಚಿ ಅದರ ಮೇಲೆ ಫೋನು ಇಟ್ಟುಕೊಂಡು ದಿಬ್ಬ ಇಳಿದರು. ಗಾಳಿಗೆ ಆರದ ಹಾಗೆ ದೀಪ ತರುವಾಗ ಮುಚ್ಚಿಕೊಂಡು ತರುತ್ತೇವಲ್ಲ, ಇದನ್ನು ಮುಚ್ಚದೆ ತರಬೇಕು, ಅಷ್ಟೇ ವ್ಯತ್ಯಾಸ. ನಾನು ಮುಂದೆ ನಡೆದು ಮುಳ್ಳು ಸರಿಸುತ್ತಿದ್ದೆ, ನಿನ್ನ ಭಾವ ಹಿಂದೆ. ಹಳ್ಳದ ಹತ್ತಿರ ಅಪ್ಪ ಸ್ವಲ್ಪ ಹೊತ್ತು ನಿಂತರು. ದಣಿವಲ್ಲ, ಫೋನು ಅಲುಗಾಡಬಾರದು ಅಂತ ನಿಂತೆ ಎಂದು ಬರೆಯಬೇಕಂತೆ, ಈಗ ಇಲ್ಲೇ ಕೂತು ಹೇಳುತ್ತಿದ್ದಾರೆ. ಸರಿ, ಹಾಗೇ ಬರೆದೆ.

ಹೊಂಗೆ ಮರದ ಕೆಳಗೆ ಬಂದಾಗ ಎರಡು ಕಡ್ಡಿ ಬಿದ್ದವು. ಆದರೆ ಉಳಿದವು ನಿಂತವು. ಅಪ್ಪ ಮೆಲ್ಲಗೆ ಬಗ್ಗಿ ಫೋನನ್ನು ಗದ್ದುಗೆಯ ನಡುವೆ, ನಾವು ವಿಭೂತಿ ಇಡುವ ಕಲ್ಲಿನ ಪಕ್ಕ ಇಟ್ಟರು. ಅವ್ವನನ್ನು ಕೂರಿಸಿದ್ದು ಸರಿಯಾಗಿ ಆ ಕಲ್ಲಿನ ಕೆಳಗೆ. ಅಂಕಿಗಳು ಕೊಂಚ ಹೊತ್ತು ಕೊನೆಯಲ್ಲಿ ಅಲುಗಾಡಿದವು, ಆಮೇಲೆ ನಿಂತವು. ಸಣ್ಣ ಅಕ್ಷರದ ಸಾಲನ್ನು ಈ ಸಲ ನಾನೇ ಮೊದಲು ಓದಿದೆ. ಕಿಲೋಮೀಟರು ಹೋಗಿ ಕೆಲವೇ ಮೀಟರು ಆಗಿತ್ತು. ನಾನು ಗಟ್ಟಿಯಾಗಿ ಓದಿದೆ, ನಿನ್ನ ಭಾವ ಬರೆದುಕೊಂಡರು, ಅವರು ತಿರುಗಿ ಓದಿದಾಗ ನಾನು ಸರಿಯಿದೆಯಾ ಎಂದು ನೋಡಿದೆ. ನನಗೆ ಮೈ ಜುಮ್ಮೆಂದಿತು ಹರ್ಷ. ಅದೇನು ಮಹಾ, ಹನ್ನೊಂದು ಡಿಗ್ರಿ ಉತ್ತರ, ಎಪ್ಪತ್ತೇಳು ಡಿಗ್ರಿ ಪೂರ್ವ, ಮುಂದಕ್ಕೆ ಒಂದಿಷ್ಟು ಅಂಕಿ. ಆದರೆ ಇಡೀ ಭೂಮಿಯ ಮೇಲೆ ಆ ಅಂಕಿಯಲ್ಲಿ ಇರುವುದು ನಮ್ಮ ಅವ್ವ ಒಬ್ಬಳೇ. ತಾಳವಾಡಿಗೆ ಹೋಗಿ ಸೆಲ್ವಿಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು. ಚಿತ್ರ ಮಸುಕಾಗಿದೆ, ಆದರೂ ಹಳ್ಳದ ತಿರುವು, ನಮ್ಮ ಹೊಲದ ಬದು, ಪಕ್ಕದಲ್ಲಿ ಕಾಡು ಎಲ್ಲ ಸರಿಯಾಗಿ ಕಾಣುತ್ತದೆ. ಹೊಂಗೆ ಮರ ಒಂದು ಹಸಿರು ಚುಕ್ಕೆ. ನೀನೂ ಹಾಕಿ ನೋಡು, ಗುರುತು ಸಿಗುತ್ತದೆ. ಪೂರ್ತಿ ನಂಬರನ್ನು ಬೇರೆ ಹಾಳೆಯಲ್ಲಿ ದಪ್ಪವಾಗಿ ಬರೆದು 'ಅವ್ವ' ಎಂದು ಹೆಸರು ಹಾಕಿ ಇದರ ಜೊತೆ ಇಟ್ಟಿದ್ದೇನೆ.

ಯುಗಾದಿ ಅಮಾವಾಸ್ಯೆಯ ದಿನ ಬೆಳಿಗ್ಗೆ ಅಯ್ಯನವರು ಬಂದು ಪೂಜೆ ಮಾಡುತ್ತಾರೆ. ಬಿಸಿಲು ಏರುವ ಮೊದಲೇ ಶುರು. ನಿನ್ನ ಹಡಗಿನ ಗಡಿಯಾರದಲ್ಲಿ ಅದು ಎಷ್ಟು ಹೊತ್ತೋ ಸಾಹೇಬರನ್ನೇ ಕೇಳಿಕೋ. ಅವ್ವನ ಎಡೆಗೆ ನಿನಗಿಷ್ಟದ ಹುರುಳಿ ಬಸ್ಸಾರು ಮಾಡುತ್ತೇನೆ, ನಿನ್ನ ಪಾಲನ್ನು ಅರ್ಚನ ತಿನ್ನುತ್ತಾಳಂತೆ. ನಿನ್ನ ಮೇಲಿನ ಸಿಟ್ಟು ಬರೆಯುತ್ತಾ ಬರೆಯುತ್ತಾ ಕರಗಿಹೋಯಿತು. ಇನ್ನು ಮುಂದೆ ಅಕ್ಕನ ಬಗ್ಗೆ ಹಾಗೆಲ್ಲ ಅಂದುಕೊಳ್ಳಬೇಡ. ಅನ್ನಿಸಿದರೂ ಕಾಗದದಲ್ಲಿ ಬರೆಯಬೇಡ, ಬಂದು ಎದುರಿಗೆ ಬೈ. ಅಪ್ಪ ನಿನಗೆ ಹೇಳುವುದು ಇಷ್ಟು: "ಉಸಾರಾಗಿ ಕೆಲ್ಸ ಮಾಡು ಕಣ್ಲಾ. ನಮ್ ಯೋಚ್ನೆ ಬುಡು." ಭಾವನಿಂದ ನಮಸ್ಕಾರ. ಅರ್ಚನ ಮಾವನ ಹತ್ತಿರ ಕೇಳಿಕೊಂಡದ್ದು ಒಂದು ಗಡಿಯಾರ, ನಾನು ಬೇಡ ಅಂದಿದ್ದೇನೆ. ಎಲ್ಲಿದ್ದರೂ ಮಹದೇಶ್ವರ ನಿನ್ನನ್ನು ತಣ್ಣಗೆ ಕಾಪಾಡಲಿ.

ಇಂತಿ ನಿನ್ನ ಅಕ್ಕ,
ನಾಗಮಣಿ

ಮತ್ತೆ ಬರೆದದ್ದು: ಅಪ್ಪ ಈಗ ಸ್ನಾನಕ್ಕೆ ಎದ್ದುಹೋದರು. ಅವರಿಗೆ ಓದಿ ಹೇಳದ ಭಾಗ ಇದು, ಬೇಗ ಬೇಗ ಬರೆಯುತ್ತಿದ್ದೇನೆ, ಅಕ್ಷರ ಕೆಟ್ಟಿದ್ದರೆ ಕ್ಷಮಿಸು. ಅವ್ವನ ನಂಬರು ಬರೆದುಕೊಂಡ ಮೇಲೆ ನಾವು ಮನೆಗೆ ಹೊರಟೆವು ಎಂದುಕೊಂಡಿದ್ದೀಯ. ಹೊರಡಲಿಲ್ಲ. ಅಪ್ಪ ಫೋನನ್ನು ಮತ್ತೆ ಅಂಗೈ ಮೇಲೆ ಇಟ್ಟುಕೊಂಡು, ಗದ್ದುಗೆಯ ಬಲಗಡೆ ಸ್ವಲ್ಪ ಸರಿದು, ಹುರುಳಿ ಸಾಲಿನ ನಡುವೆ ನಿಂತರು. "ಇದು ನಾ ಕೂತ್ಕಳಾ ಜಾಗ. ಇದ್ನೂ ಬರ್ಕೊ ಕಣವ್ವ. ಇನ್ನೊಂದ್ ಕಿತ ಫೋನ್ ಕಳ್ಸಿ ಕೇಳೋ ತೊಂದ್ರೆ ಅವುನ್ಗೆ ಬ್ಯಾಡ" ಅಂದರು. ನಿನ್ನ ಭಾವ ಪೆನ್ನನ್ನು ನನ್ನ ಕೈಗೆ ಕೊಟ್ಟರು, ನಾನೇ ಬರೆದೆ. ಅಪ್ಪನ ಅನ್ನನಾಳದಲ್ಲಿ ಗಡ್ಡೆ ಇದೆ ಹರ್ಷ. ಕಾರ್ತಿಕ ಕಳೆದಾಗಿನಿಂದ ಗಂಜಿ ಬಿಟ್ಟರೆ ಬೇರೆ ಇಳಿಯುತ್ತಿಲ್ಲ. ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು, ಕೈ ಮೀರಿದೆ, ಮಳೆಗಾಲ ಕಾಣುವುದು ಅನುಮಾನ ಎಂದು ಡಾಕ್ಟರು ಹೇಳಿದರು. ನಿನಗೆ ತಿಳಿಸಬಾರದೆಂದು ನನ್ನ ಕೈ ಹಿಡಿದು ಆಣೆ ಹಾಕಿಸಿಕೊಂಡಿದ್ದಾರೆ. ಆಣೆ ಮುರಿದ ಪಾಪ ನನಗೇ ಇರಲಿ. ಎರಡು ನಂಬರಿಗೂ ಕೊನೆಯ ಅಂಕಿಯಲ್ಲಿ ಮಾತ್ರ ವ್ಯತ್ಯಾಸ. ಎರಡನೆಯದನ್ನು ನಾನು ನಿನಗೆ ಕಳಿಸುವುದಿಲ್ಲ. ಏಜೆಂಟರ ಕಾಲು ಹಿಡಿದಾದರೂ ಹಡಗಿನಿಂದ ಇಳಿದು ಬಾ. ಅಪ್ಪ ಇನ್ನೂ ಮನೆಯಲ್ಲೇ ಇದ್ದಾರೆ.